ಹೊಸ ಟೈರಿಗೆ ಕ್ಷೌರ

ನಮ್ಮ ಅಂಗಡಿ, ಗಿರಾಕಿ ಕೂರೋ ಬೆಂಚು
ಬುಧವಾರ, ಮಧ್ಯಾಹ್ನ ಊಟ ಆದ್ಮೇಲೆ

ನನ್ನ ಮನೆ ಯಜಮಾನ್ತಿಗೆ, ಗಂಡ ಅನ್ನಿಸ್ಕೊಂಡೋನು ದೂರದಿಂದಲೇ ಮಾಡೋ ದೊಡ್ಡ ನಮಸ್ಕಾರ.

ಹೇಗಿದೀಯೇ? ನಿನ್ನ ಸೊಂಟ ಹೇಗಿದೆ? ನಿಮ್ಮಕ್ಕನ ಮೊಣಕಾಲು ಹೇಗಿದೆ? ಆಪರೇಷನ್ ಮಾಡಿದ ಡಾಕ್ಟ್ರು ದಿನಾ ನಡೀಬೇಕು ಅಂದ್ರೆ, ಅಕ್ಕ ಕೂತಲ್ಲೇ ಕೂತಿದಾರಂತೆ, ನಿನ್ನ ತಮ್ಮ ಹೇಳ್ದ. ಅವರನ್ನ ನಡೆಸೋದು ಏನು ಮಹಾ ಕೆಲಸ? ನೀನು ಬಾಗಿಲ ಹತ್ರ ನಿಂತ್ಕೊಂಡು "ಅಯ್ಯೋ, ಪಕ್ಕದ ಮನೇಲಿ ಜಗಳ ಶುರುವಾಯ್ತು" ಅನ್ನು. ಕೋಲೂ ಬೇಡ, ಏನೂ ಬೇಡ, ನಿನಗಿಂತ ಮುಂಚೆ ಬೀದೀಲಿರ್ತಾರೆ. ಈ ಸಾಲನ್ನ ಮಾತ್ರ ಅವರಿಗೆ ಓದಿ ಹೇಳ್ಬೇಡ. ನಾನು ಚೆನ್ನಾಗಿದೀನಿ. ಅಡುಗೆ ನಾನೇ ಮಾಡ್ತೀನಿ, ನಾನೇ ತಿಂತೀನಿ, ಮುಖ ಕಿವುಚೋದೂ ನಾನೇ. ಹಾಗಾಗಿ ಮನೇಲಿ ಜಗಳ ಇಲ್ಲ.

ಫೋನ್ ಇರುವಾಗ ಈ ಮನುಷ್ಯನಿಗೆ ಕಾಗದದ ಹುಚ್ಚು ಯಾಕೆ ಹಿಡೀತು ಅಂತ ಕೇಳ್ತೀಯ. ಫೋನಲ್ಲಿ ನಾನು "ಗಾಡಿ" ಅಂತ ಬಾಯಿ ತೆಗೆದ್ರೆ ಸಾಕು, ನೀನು "ಇರಿ, ಅಕ್ಕ ಕರೀತಿದಾಳೆ" ಅಂತ ಇಟ್ಟುಬಿಡ್ತೀಯ. ನಾನು ಬೇರೆ ಏನು ಮಾತಾಡಿದ್ರೂ ಅಕ್ಕ ಕರೆಯಲ್ಲ, ಗಾಡಿ ಅಂದಾಗ್ಲೇ ಕರೀತಾರೆ. ಕಾಗದಾನ ಹಾಗೆ ಇಡೋಕಾಗಲ್ಲ. ಹರಿದು ಹಾಕಬಹುದು, ನಿಜ. ಆದ್ರೆ ಸಾಮಾನು ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದೋಳು ನೀನು, ಗಂಡ ಬರೆದಿದ್ದನ್ನ ಓದದೆ ಹರೀತೀಯಾ? ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ, ಸುಧಾರಿಸ್ಕೊ. ಸ್ಕೂಲಿಗೆ ಹೋಗಿದ್ದೇ ಕಮ್ಮಿ. ಹೋದಾಗ್ಲೂ ಮೇಷ್ಟ್ರು ಬೋರ್ಡ್ ಮೇಲೆ ಬರೀತಿದ್ರೆ ನಾನು ಅವರ ಹಿಂದಲೆ ಕಟಿಂಗ್ ಯಾರು ಕೆಡಿಸಿದ್ದು ಅಂತ ಯೋಚನೆ ಮಾಡ್ತಿದ್ದೆ.

ಈಗ ವಿಷಯಕ್ಕೆ ಬರ್ತೀನಿ. ಕಾಗದ ಗಟ್ಟಿಯಾಗಿ ಹಿಡ್ಕೋ. ಗಾಡೀನ ನಾನು ಗುಜರಿಗೆ ಹಾಕಿಲ್ಲ.

ಉಸಿರು ತಗೊಂಡ್ಯಾ? ಮುಂದಕ್ಕೆ ಓದು.

ಮಳೆ ಬಂದ ದಿನ ನಾವಿಬ್ರೂ ಬ್ಯಾಂಕಿನ ಮುಂದೆ ಜಾರಿ ಬಿದ್ದಿದ್ದನ್ನ ಈ ಜನ ಇನ್ನೂ ಮರೆತಿಲ್ಲ. ಕುರ್ಚಿ ಮೇಲೆ ಕೂತು, ಕುತ್ತಿಗೆಗೆ ಬಟ್ಟೆ ಕಟ್ಟಿಸ್ಕೊಂಡ ಮೇಲೆ ಪ್ರತಿಯೊಬ್ಬನದೂ ಅದೇ ಕಥೆ. ನೀನು ನೀರಿನ ಗುಂಡೀಲಿ ಸಿಂಹಾಸನದ ಮೇಲೆ ಕೂತ ಹಾಗೆ ಕೂತಿದ್ದೆ ಅಂತಾನೆ ಒಬ್ಬ. ಇನ್ನೊಬ್ಬ, ಕೈಚೀಲ ಮಾತ್ರ ಒದ್ದೆ ಆಗೋಕೆ ಬಿಡ್ಲಿಲ್ಲ, ಭೇಷ್ ಅಂತಾನೆ. ಆದ್ರೆ ಬ್ಯಾಂಕಿನ ಸಾಲಲ್ಲಿ ನಿಂತೋರಿಗೆಲ್ಲ ಕೇಳಿಸೋ ಹಾಗೆ ನೀನು ಹೇಳಿದ ಮಾತು ಮಾತ್ರ ಎಲ್ರಿಗೂ ಬಾಯಿಪಾಠ. "ನಿಮ್ಮ ತಲೇನೂ ಬೋಳು, ನಿಮ್ಮ ಗಾಡಿ ಟೈರೂ ಬೋಳು, ಈ ಎರಡು ಬೋಳಿನ ಮಧ್ಯೆ ಕೂರೋಕೆ ನಾನೇನು ಹುಚ್ಚೀನಾ?" ಅವತ್ತಿಂದ ನೀನು ಆಸ್ಪತ್ರೆ ಕೆಲಸ ಮುಗಿಸಿ ನಡ್ಕೊಂಡೇ ಮನೆಗೆ ಬರ್ತಿದ್ದೆ. ಗೇಟ್ ಹತ್ರ ಗಾಡಿ ಹಿಡ್ಕೊಂಡು ನಿಂತ ನನ್ನನ್ನ, ಯಾರೋ ದಾರಿ ಕೇಳೋಕೆ ನಿಂತೋನು ಅನ್ನೋ ಹಾಗೆ ದಾಟ್ಕೊಂಡು ಹೋಗ್ತಿದ್ದೆ. ಅಕ್ಕನ ಮನೆಗೆ ಹೊರಡುವಾಗ ಬಸ್ ಮೆಟ್ಟಿಲ ಮೇಲೆ ನಿಂತು ಏನಂದೆ? "ನಾನು ವಾಪಸ್ ಬರೋದ್ರೊಳಗೆ ಅದು ಮನೇಲಿರಬಾರದು. ಇದ್ರೆ ಅದ್ರ ಜೊತೆಗೇ ಸಂಸಾರ ಮಾಡ್ಕೊಳ್ಳಿ."

ಒಂದು ನಿಮಿಷ ತಮಾಷೆ ಪಕ್ಕಕ್ಕಿಡ್ತೀನಿ, ಜಾಸ್ತಿ ಹೊತ್ತು ಇಡೋಕೆ ನನ್ನ ಕೈಲಾಗಲ್ಲ. ಮನೇಲಿ ನಾವಿಬ್ರೂ ಎಲ್ಲಿ ಮಾತಾಡ್ತೀವಿ ಹೇಳು? ನಾನು ಬಂದ್ರೆ ನೀನು ಅಡುಗೆಮನೆ, ನೀನು ಬಂದ್ರೆ ನಾನು ನಿದ್ದೆ. ಆಸ್ಪತ್ರೆಯಿಂದ ಮನೆ ತನಕ ಗಾಡಿ ಮೇಲೆ ಬರ್ತಿದ್ವಲ್ಲ, ಅಷ್ಟೇ ನಮ್ಮ ಮಾತು. ಹೆಡ್ ನರ್ಸು ಯಾರ ಮೇಲೆ ರೇಗಿದ್ರು, ಬೆಡ್‌ಶೀಟ್ ಜೊತೆ ಯಾರ ಹಲ್ಲುಸೆಟ್ಟು ಒಗೆಯೋಕೆ ಬಂತು, ಎಲ್ಲ ನನ್ನ ಎಡಗಿವಿಗೇ ಬರ್ತಿತ್ತು. ಗಾಳೀಲಿ ಅರ್ಧ ಹಾರಿಹೋದ್ರೂ "ಹೂಂ" ಅಂತಿದ್ದೆ. ಕೇಳಿಸಲ್ಲ ಅಂತ ನಿನಗೂ ಗೊತ್ತಿತ್ತು, ಆದ್ರೂ ಹೇಳ್ತಿದ್ದೆ. ಬಸ್ಸಲ್ಲಿ ನೀನು ಹೆಂಗಸರ ಸೀಟು, ನಾನು ಹಿಂದೆ ಕಂಬಿ ಹಿಡ್ಕೊಂಡು ನಿಂತಿರೋನು. ಹಲ್ಲುಸೆಟ್ಟಿನ ಸುದ್ದಿ ಅಲ್ಲಿಂದ ಕೂಗಿ ಹೇಳ್ತೀಯಾ? ಅದಕ್ಕೇ ಗಾಡಿ ಹೋಗಬಾರದು. ಆಯ್ತು, ನಿಮಿಷ ಮುಗೀತು.

ನಿನ್ನ ತಮ್ಮನ ಗ್ಯಾರೇಜಿಗೆ ಗಾಡಿ ತಳ್ಕೊಂಡು ಹೋದೆ. ಅವನು ಟೈರ್ ಸವರಿ ನೋಡಿ, "ಭಾವಾ, ಇದ್ರಲ್ಲಿ ಗೆರೆ ಹುಡುಕೋಕೆ ಭೂತಗನ್ನಡಿ ಬೇಕು. ಅಕ್ಕ ಬಿದ್ದಿದ್ದು ಆಶ್ಚರ್ಯ ಅಲ್ಲ, ಇಷ್ಟು ದಿನ ಬೀಳದೆ ಇದ್ದಿದ್ದು ಆಶ್ಚರ್ಯ" ಅಂದ. ಎರಡೂ ಬದಲಾಯಿಸಬೇಕು ಅಂದ. ನನ್ನ ಲೆಕ್ಕ ಬೇರೆ ಇತ್ತು. ನೀನು ಕೂರೋದು ಹಿಂದೆ, ಹಾಗಾಗಿ ಹಿಂದಿನ ಟೈರು ನಿಂದು, ಮುಂದಿಂದು ನಂದು. ನಿಂದು ಹೊಸದಾಗಲಿ, ನಂದು ಹೇಗೋ ನಡೀತದೆ ಅಂದೆ. ಅವನು ನನ್ನ ಮುಖಾನೇ ನೋಡ್ದ. "ಭಾವಾ, ನೀವು ಕೂದಲು ಕತ್ತರಿಸೋದೇ ವಾಸಿ" ಅಂದ.

ಇಷ್ಟು ಹಳೇ ಗಾಡೀದು ಅಳತೆ ಸಿಗೋದು ಕಷ್ಟ ಅಂತ ಆಗ್ಲೇ ಗೊತ್ತಾಗಿದ್ದು. ಕೇಳಿದ ಅಂಗಡಿಯೋರೆಲ್ಲ "ಅಷ್ಟು ಸಣ್ಣ ಟೈರ್ ಈಗ ಯಾರು ಹಾಕ್ತಾರೆ?" ಅಂತ ನನ್ನನ್ನ ಮ್ಯೂಸಿಯಮ್ಮಿಂದ ಎದ್ದು ಬಂದೋನ ಥರ ನೋಡಿದ್ರು. ಸೈಕಲ್ ಅಂಗಡಿ ಮುದುಕ ಮಾತ್ರ ಅಟ್ಟದಿಂದ ಒಂದು ಇಳಿಸ್ದ. ಧೂಳು ಹೊಡೆದ್ರೆ ಒಳಗೆ ಟೈರಿತ್ತು. "ಒಂದು ದಿನಾನೂ ರೋಡ್ ಕಂಡಿಲ್ಲ ಸ್ವಾಮಿ, ಹೊಚ್ಚ ಹೊಸದು" ಅಂದ. ನಿನ್ನ ತಮ್ಮ ಉಗುರಿಂದ ಒತ್ತಿ ನೋಡಿದ್ರೆ ಕಟ್ಟಿಗೆ ಥರ ಗಟ್ಟಿ, ಪಕ್ಕದಲ್ಲೆಲ್ಲ ಸಣ್ಣ ಸಣ್ಣ ಬಿರುಕು. "ಓಡದೆ ಇದ್ರೂ ರಬ್ಬರಿಗೆ ವಯಸ್ಸಾಗುತ್ತೆ ಭಾವಾ" ಅಂದ. ಅದು ನನಗೆ ಚೆನ್ನಾಗಿ ಅರ್ಥ ಆಯ್ತು. ಮದುವೆ ಆಗದೆ ಉಳಿದೋರಿಗೂ ಕೂದಲು ಬೆಳ್ಳಗಾಗಿದ್ದನ್ನ ನಾನು ಎಷ್ಟು ನೋಡಿಲ್ಲ!

ಮಾರನೇ ದಿನ ಅವನಿಗೆ ಕೆಲಸ ಇತ್ತು. "ನಾಳೆ ಹೋಗೋಣ" ಅಂದ. ನಾನು ಕೇಳ್ತೀನಾ? ಒಬ್ನೇ ದೊಡ್ಡ ರಸ್ತೆ ಟೈರ್ ಅಂಗಡಿಗೆ ಹೋದೆ. ಅದನ್ನ ನಡೆಸೋದು ಒಬ್ಬ ಹೆಂಗಸು, ಎಲ್ರೂ ಟೈರಕ್ಕ ಅಂತಾರೆ. ಗಲ್ಲಾ ಹಿಂದೆ ಟೈರುಗಳ ನಡುವೆ ಕೂತಿರ್ತಾರೆ, ಮೊದಲಿಗೆ ತಲೆ ಮಾತ್ರ ಕಾಣುತ್ತೆ. ಗೋಡೆ ಮೇಲೆ ಒಂದು ಟೈರು ನೋಡ್ದೆ ನೋಡು, ಅಬ್ಬಾ! ದಪ್ಪ ಅಂದ್ರೆ ದಪ್ಪ, ಆಳವಾದ ಗೆರೆ, ಮೈತುಂಬಾ ಬಟನ್ ಥರ ಉಬ್ಬು. ಇದು ಹಾಕಿದ್ರೆ ನಿನ್ನ ಕೆಳಗೆ ಆನೆ ಕಾಲು ಇಟ್ಟ ಹಾಗೆ ಅಂದ್ಕೊಂಡೆ. "ಯಾವ ಗಾಡಿಗಣ್ಣಾ?" ಅಂತ ಟೈರಕ್ಕ ಕೇಳಿದ್ರು. ಪಕ್ಕದಲ್ಲಿ ಇಬ್ರು ಹೊಸ ಗಾಡಿಯೋರು ನಿಂತಿದ್ರು, ಹಳೇದು ಅನ್ನೋಕೆ ನಾಲಿಗೆ ಏಳ್ಲಿಲ್ಲ. "ದೊಡ್ಡ ಗಾಡಿಗಕ್ಕಾ" ಅಂದೆ. ಕೊಟ್ರು. ಹೆಗಲಿಗೆ ಹಾಕ್ಕೊಂಡು ಬಂದೆ.

ಇಲ್ಲಿಂದ ಮುಂದೆ ನಗಬಾರದು. ಅಂಗಡೀಲಿ ಟೈರ್ ಇಟ್ಟು ನೋಡಿದ್ರೆ ಅದರ ಮೈಮೇಲೆಲ್ಲ ಸಣ್ಣ ಸಣ್ಣ ರಬ್ಬರ್ ಕೂದಲು! ಅಲ್ಲೊಂದು ಇಲ್ಲೊಂದು ನಿಂತಿವೆ, ಮೀಸೆ ಬರ್ತಿರೋ ಹುಡುಗನ ಗದ್ದದ ಥರ. ಹೊಸ ಟೈರಿಗೆ ಅವು ಇದ್ದೇ ಇರ್ತಾವೆ ಅಂತ ನನಗೇನು ಗೊತ್ತು? ನಾವು ತಗೊಂಡ ಸೆಕೆಂಡ್ ಹ್ಯಾಂಡ್ ಗಾಡೀಲಿ ಅವು ಯಾವತ್ತೋ ಉದುರಿಹೋಗಿದ್ವು. ಇಷ್ಟು ದುಡ್ಡು ತಗೊಂಡು ಶೇವಿಂಗ್ ಮಾಡದೆ ಕಳಿಸಿದಾರಲ್ಲ ಅನ್ನಿಸ್ತು. ಇಷ್ಟು ವರ್ಷ ಕತ್ತರಿ ಹಿಡಿದ ಕೈ, ನೋಡ್ಕೊಂಡು ಸುಮ್ಮನೆ ಇರುತ್ತಾ? ಹೊಸ ಬ್ಲೇಡ್ ಹಾಕಿ, ಟೈರನ್ನ ಕುರ್ಚಿ ಮೇಲೆ ಕೂರಿಸಿ, ಸುತ್ತ ತಿರುಗಿಸ್ತಾ ಒಂದೊಂದೇ ನುಣ್ಣಗೆ ತೆಗೆದೆ. ಸೋಪು ಹಚ್ಚಲಿಲ್ಲ, ಅಷ್ಟೊಂದು ತಲೆ ಕೆಟ್ಟಿಲ್ಲ. ಬೆಂಚಿನ ಮೇಲೆ ಕಾಯ್ತಿದ್ದ ಗಿರಾಕಿ, "ಕೃತಾ ಸ್ವಲ್ಪ ಇಳಿಸಿ" ಅಂದ. ಕೊನೆಗೆ ಪೌಡರ್ ಹಾಕಿ ಒರೆಸ್ದೆ. ಮದುವೆ ಗಂಡಿನ ಥರ ಹೊಳೀತಿತ್ತು.

ನಿನ್ನ ತಮ್ಮ ಸಂಜೆ ಬಂದು ಹಾಕೋಕೆ ನೋಡಿದ್ರೆ, ಟೈರು ಒಂದು ಕಡೆ ಚೈನಿಗೆ ಉಜ್ಜುತ್ತೆ, ಇನ್ನೊಂದು ಕಡೆ ಮಡ್ಗಾರ್ಡಿಗೆ. "ಭಾವಾ, ಇದಕ್ಕೆ ಹೊಂದೋ ಗಾಡೀನೂ ತರಬೇಕಿತ್ತು" ಅಂದ. ಆಮೇಲೆ ಕೈಯಿಂದ ಸವರಿ, "ಕೂದಲೆಲ್ಲಿ ಹೋಯ್ತು?" ಅಂದ. ಹೇಳ್ದೆ. ಅವನು ಸ್ಪ್ಯಾನರ್ ಕೆಳಗಿಟ್ಟ, ಆಮೇಲೆ ತಾನೂ ಕೆಳಗೆ ಕೂತ. ನಕ್ಕು ನಕ್ಕು ಬಿಕ್ಕಳಿಕೆ ಬಂತು, ನಾನೇ ನೀರು ಕೊಟ್ಟೆ.

ವಾಪಸ್ ತಗೊಂಡು ಹೋದೆ. ಟೈರಕ್ಕ ಒಂದೇ ಬೆರಳಲ್ಲಿ ಸುತ್ತ ಸವರಿದ್ರು. "ಏನಣ್ಣಾ, ಓಡಿಸಿ ತಂದು ಹೊಸದು ಅಂತೀಯ? ಕೂದಲೇ ಇಲ್ಲ!" ಅಂದ್ರು. ಓಡಿಸಿಲ್ಲಕ್ಕಾ ಅಂದೆ. "ಓಡಿಸದೆ ಕೂದಲು ಹೇಗೆ ಹೋಗುತ್ತೆ?" ಅಂದ್ರು. "ಶೇವಿಂಗ್ ಮಾಡ್ದೆ" ಅಂದೆ. "ಯಾರಿಗೆ?" ಅಂದ್ರು. "ಟೈರಿಗೆ" ಅಂದೆ. ಅವರು ಗಲ್ಲಾ ಬಿಟ್ಟು ಎದ್ದು ಬಂದು ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು. "ಕ್ಷೌರ ಮಾಡಿದ ಟೈರನ್ನ ನಾನು ಯಾರಿಗೆ ಮಾರಲಿ?" ಅಂದ್ರು. ಆಗ ಅಲ್ಲಿದ್ದ ಒಬ್ಬ ದೊಡ್ಡ ಗಾಡಿಯೋನು ಬಗ್ಗಿ ನೋಡಿ, "ಅಕ್ಕಾ, ಇದೇ ನೀಟಾಗಿದೆ, ನನಗೆ ಇದನ್ನೇ ಕೊಡಿ" ಅಂದ! ಅಷ್ಟೇ ಅಲ್ಲ, "ಮುಂದಿಂದಕ್ಕೂ ಮಾಡಿಕೊಡ್ತೀರಾ?" ಅಂತ ನನ್ನನ್ನೇ ಕೇಳ್ದ. ಟೈರಕ್ಕ ಸೆರಗಲ್ಲಿ ಬಾಯಿ ಮುಚ್ಕೊಂಡು ಒಳಗೆ ಹೋದ್ರು. ಭುಜ ಅಲ್ಲಾಡ್ತಿದ್ದದ್ದು ಕಾಣ್ತಿತ್ತು.

ಹೊರಗೆ ಬಂದವರು ಈ ಸಲ ಸರಿಯಾಗಿ ವಿಚಾರಿಸಿದ್ರು. ಎಷ್ಟು ಹಳೇ ಗಾಡಿ, ಯಾವ ರಸ್ತೆ, ಮಳೇಲೂ ಓಡಿಸ್ತೀಯಾ, ಹಿಂದೆ ಯಾರು ಕೂರ್ತಾರೆ? ನಮ್ಮನೆಯೋರು ಅಂದೆ. "ತೂಕ?" ಅಂದ್ರು. ಕೇಳೇ, ನಿನ್ನ ಮರ್ಯಾದೆ ನಾನು ಬಿಟ್ಟುಕೊಡಲಿಲ್ಲ. "ಅಕ್ಕಾ, ಅದು ಅವರ ತೌರುಮನೆಯೋರಿಗೇ ಗೊತ್ತಿಲ್ಲ, ನನಗೆಲ್ಲಿಂದ ಗೊತ್ತಿರ್ಬೇಕು" ಅಂದೆ. ಅವರಿಗೂ ಸಂಸಾರ ಇದೆ, ತಾನಾಗೇ ಒಂದು ಗಟ್ಟಿದು ತೆಗೆದ್ರು. ಆಮೇಲೆ ನಾವು ಬಿದ್ದ ಕಥೆ ಪೂರ್ತಿ ಹೇಳಿಸ್ಕೊಂಡು, ಮುಂದಿನ ಟೈರು ನಂದು ಅನ್ನೋ ನನ್ನ ಲೆಕ್ಕಾನೂ ಕೇಳಿ, ಬೈದ್ರು ನೋಡು! ನೀನೇ ಅಂಗಡಿಗೆ ಬಂದಿದೀಯೇನೋ ಅನ್ನಿಸ್ತು. "ಬ್ರೇಕ್ ಹಿಡಿದಾಗ ಮೊದಲು ಜಾರಿದ್ದು ಮುಂದಿಂದು. ಮುಂದಿಂದು ಜಾರಿದ್ರೆ ಹಿಂದಿರೋರು ಮನೇಲೇ ಕೂತಿರ್ತಾರಾ? ನಿನ್ನ ಹೆಂಡ್ತಿ ನಡ್ಕೊಂಡು ಹೋಗಿದ್ದೇ ಸರಿ. ನಾನಾಗಿದ್ರೆ ಗಾಡಿ ಮಾರಿ ಆ ದುಡ್ಡಲ್ಲಿ ಚಪ್ಪಲಿ ತಗೋತಿದ್ದೆ." ಎರಡೂ ಟೈರು, ಎರಡೂ ಟ್ಯೂಬು ಹೊಸದು ತಂದೆ. ನಮ್ಮ ಹಳೇ ಅಳತೇದೇ, ಈ ವರ್ಷದ ಮಾಲು. ಮುಂದಿಂದಕ್ಕೆ ಉದ್ದುದ್ದ ಗೆರೆ, ಹಿಂದಿಂದಕ್ಕೆ ಅಡ್ಡಡ್ಡ ಕಚ್ಚು. ಕೂದಲು ಹಾಗೇ ಇವೆ, ಮುಟ್ಟಿಲ್ಲ. ನೋಡಿದಾಗೆಲ್ಲ ಕೈ ತುರಿಸುತ್ತೆ, ಜೇಬಲ್ಲಿ ಇಟ್ಕೋತೀನಿ.

ನಿನ್ನ ತಮ್ಮನೇ ಹಾಕಿಕೊಟ್ಟ. ಹೊಸ ರಬ್ಬರು ಮೊದಮೊದಲು ಜಾರುತ್ತೆ, ನಿಧಾನವಾಗಿ ಪಳಗಿಸಿ ಅಂದ. ಒಣ ರಸ್ತೇಲಿ ಒಬ್ನೇ ಓಡಿಸ್ದೆ. ಸೈಕಲ್ಲಿನೋರೆಲ್ಲ ನನ್ನನ್ನ ದಾಟಿ ಹೋಗಿ, ಏನಾಯ್ತು ಅಂತ ತಿರುಗಿ ನೋಡ್ತಿದ್ರು. ಮೊನ್ನೆ ಮಳೆ ಬಂತು. ನಿನ್ನ ತಮ್ಮನ್ನ ಹಿಂದೆ ಕೂರಿಸ್ಕೊಂಡು ಸೀದಾ ಬ್ಯಾಂಕ್ ಮುಂದಕ್ಕೇ ಹೋದೆ. ನಾವು ಬರೋದು ನೋಡಿ ಸೆಕ್ಯೂರಿಟಿಯೋನು ಮೆಟ್ಟಿಲು ಹತ್ತಿ ನಿಂತ್ಕೊಂಡ. ಅದೇ ಜಾಗದಲ್ಲಿ ಬ್ರೇಕ್ ಹಿಡಿದೆ. ನಿಂತ್ಕೊಂಡ್ತು ಕಣೇ, ಮೊಳೆ ಹೊಡೆದ ಹಾಗೆ! ಸಾಲಲ್ಲಿ ನಿಂತೋರಿಗೆ ಬೇಜಾರಾಯ್ತು. ಎರಡನೇ ಸಲ ಹೋದೆ, ಮೂರನೇ ಸಲ ಸೆಕ್ಯೂರಿಟಿಯೋನೇ "ಸಾಕು ಹೋಗಿ ಸ್ವಾಮಿ, ನಂಬಿದ್ವಿ" ಅಂದ. ನಿನ್ನ ತಮ್ಮ ಮಾತ್ರ ನನ್ನ ಹೊಟ್ಟೆ ಹಿಡ್ಕೊಂಡ ಕೈ ಮನೆ ಬರೋ ತನಕ ಬಿಡಲಿಲ್ಲ.

ಅವನು ಹಿಂದೆ ಕೂತು ಒಂದು ಮಾತೂ ಆಡಲಿಲ್ಲ. ಅಷ್ಟು ದೂರ, ಒಂದು ಸುದ್ದಿ ಇಲ್ಲ, ಏನಿಲ್ಲ. ಅಂಥ ಪ್ರಯಾಣ ಶತ್ರುವಿಗೂ ಬೇಡ.

ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಬೇಗ ಎದ್ದು ಓಡಾಡಲಿ. ಅವರ ಯಜಮಾನ್ರಿಗೆ, ಕಟಿಂಗ್ ಬೇರೆ ಕಡೆ ಮಾಡಿಸಿದಾರೆ ಅಂತ ನೀನು ಕಳಿಸಿದ ಫೋಟೋ ನೋಡಿದ ತಕ್ಷಣ ಗೊತ್ತಾಯ್ತು ಅನ್ನು. ನಿನಗೆ ಏನು ಬರೀಲಿ, ದೂರದಿಂದ ಆಶೀರ್ವಾದ ಮಾಡಿದ್ರೆ ನೀನು ಬೈತೀಯ. ಮೈ ಕಡೆ ನೋಡ್ಕೊ, ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನೀನು ಪಡೆದುಕೊಂಡು ಬಂದ ಗಂಡ

ತಾ.ಕ.: ಗಿರಾಕಿ ಬಂದು ಕೂತಿದಾನೆ, ಬೇಗ ಬೇಗ ಬರೀತೀನಿ. ನಿನ್ನನ್ನ ಕರ್ಕೊಂಡು ಬರೋಕೆ ಭಾನುವಾರ ಬೆಳಿಗ್ಗೆ ಗಾಡೀಲೇ ಬರ್ತಿದೀನಿ. ಹತ್ತಲೇಬೇಕು ಅಂತ ಬಲವಂತ ಇಲ್ಲ. ಹೆದರಿಕೆ ಹೋಗಿಲ್ಲ ಅಂದ್ರೆ ನೀನು ಬಸ್ಸಲ್ಲೇ ಬಾ, ಟಿಕೆಟ್ ನಾನೇ ತೆಗೆಸಿಕೊಡ್ತೀನಿ. ಹಿಂದುಗಡೆ ಕಿಟಕಿ ಸೀಟು ಹಿಡ್ಕೋ. ಬಸ್ಸಿನ ಹಿಂದೇನೇ ನಾನು ಬರ್ತಿರ್ತೀನಿ, ದಾರಿ ಪೂರ್ತಿ ಟೈರ್ ನೋಡ್ಕೊಂಡು ಬಾ. ಮಧ್ಯದಲ್ಲಿ ಯಾವುದಾದ್ರೂ ಸ್ಟಾಪಲ್ಲಿ ಮನಸ್ಸಾದ್ರೆ ಇಳಿದುಬಿಡು. ಆಗದೆ ಇದ್ರೂ ಪರವಾಗಿಲ್ಲ, ಪ್ರತಿ ಸ್ಟಾಪಲ್ಲೂ ನಿಂತೇ ಬರ್ತೀನಿ.