ಆಟದ ಸಾಮಾನಿನ ಕೋಣೆಯಲ್ಲಿ ಉಣ್ಣುವ ಮಗು

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಿಮ್ಮ 'ಎಲ್ಲರಿಗೂ ಒಂದೇ ಊಟ' ಆದೇಶದ ದೆಸೆಯಿಂದ ನನ್ನ ಹತ್ತು ವರ್ಷದ ಮಗಳು ಏಳು ತಿಂಗಳಿಂದ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಾಳೆ. ಒಂದು ಕಡೆ ಗಾಳಿ ಹೋದ ಚೆಂಡುಗಳು, ಇನ್ನೊಂದು ಕಡೆ ಸುತ್ತಿಟ್ಟ ಬಲೆ, ನಡುವೆ ಅವಳು ಮತ್ತು ಅವಳ ಡಬ್ಬಿ. ಮಕ್ಕಳೆಲ್ಲ ಸಮಾನರು ಎಂದು ಸಾರುವ ಆದೇಶವೇ ಒಂದು ಮಗುವನ್ನು ಉಗ್ರಾಣಕ್ಕೆ ತಳ್ಳುತ್ತದೆಂದು ನಿಮಗೆ ಅನ್ನಿಸಿರಲಿಕ್ಕಿಲ್ಲ. ನನಗೂ ಅನ್ನಿಸಿರಲಿಲ್ಲ. ಮನೆಯ ಡಬ್ಬಿ ಬೇಡ, ಎಲ್ಲರೂ ಶಾಲೆಯ ಊಟವನ್ನೇ ಉಣ್ಣಲಿ ಎಂದು ಪೋಷಕರ ಸಭೆಯಲ್ಲಿ ಅದರ ಪರವಾಗಿ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಯಾರ ಮನೆ ಎಂಥದ್ದು ಎಂದು ಗೊತ್ತಾಗಿಬಿಡುತ್ತದೆ, ಅದು ತಪ್ಪಬೇಕು ಎಂದು ನಂಬಿದ್ದೆ. ಈಗಲೂ ನಂಬುತ್ತೇನೆ. ಮಗಳ ಕಾಯಿಲೆಗೆ ಆಗಿನ್ನೂ ಹೆಸರು ಸಿಕ್ಕಿರಲಿಲ್ಲ, ಅಷ್ಟೇ.

ಅದರ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಶ ಚೂರೇಚೂರು ಒಳಗೆ ಹೋದರೂ ಅವಳ ದೇಹ ತನ್ನ ಕರುಳಿನ ಮೇಲೆ ತಾನೇ ಎರಗುತ್ತದೆ. ಔಷಧಿಯಿಲ್ಲ, ಪಥ್ಯವೊಂದೇ, ಅದೂ ಬದುಕಿರುವಷ್ಟು ದಿನ. ಇದು ತಿಳಿಯುವ ಮುಂಚೆ ನಾನೇನು ಮಾಡುತ್ತಿದ್ದೆ ಗೊತ್ತೇ? ತಟ್ಟೆ ಹಿಡಿದು ಮನೆಯೆಲ್ಲ ಅವಳ ಹಿಂದೆ ಓಡುತ್ತಿದ್ದೆ. ಬಾಯಿ ಬಿಗಿಹಿಡಿದವಳಿಗೆ "ಇದೊಂದೇ ತುತ್ತು, ನನ್ನ ಬಂಗಾರ ಅಲ್ವಾ" ಎಂದು ಪುಸಲಾಯಿಸಿ, ಕೆಲವೊಮ್ಮೆ ಗದರಿಸಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತುರುಕುತ್ತಿದ್ದೆ. ಸೊರಗುತ್ತಿದ್ದಾಳೆಂದು ಇನ್ನಷ್ಟು ತುರುಕಿದೆ. ಅವಳ ಹೊಟ್ಟೆ ಹೇಳುತ್ತಿದ್ದ ಸತ್ಯವನ್ನು ಹಟ ಎಂದು ಕರೆದವಳು ನಾನು. ಹಾಗಾಗಿ ನಿಮ್ಮ ಕಚೇರಿಯ ಅಜ್ಞಾನವನ್ನು ಬೈಯುವ ಯೋಗ್ಯತೆ ನನಗೆಷ್ಟಿದೆ ಎಂದು ಯೋಚಿಸಿಯೇ ಬರೆಯುತ್ತಿದ್ದೇನೆ. ನನಗೆ ಹೇಳುವವರಿರಲಿಲ್ಲ. ನಿಮಗೆ ಮೂರು ಸಲ, ವೈದ್ಯರ ಪತ್ರದ ಸಮೇತ ಹೇಳಿದ್ದೇನೆ.

ನಿಮ್ಮ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿದರು. "ಒಂಚೂರು ತಿಂದ್ರೆ ಏನಾಗುತ್ತೆ ಮೇಡಂ? ಕಲ್ಲು ತಿಂದು ಅರಗಿಸಿಕೊಳ್ಳೋ ವಯಸ್ಸು. ನೀವು ಓದಿದೋರು ಎಲ್ಲಕ್ಕೂ ಹೆದರ್ತೀರಿ," ಎಂದರು. ಕೊನೆಗೆ ವಿನಾಯಿತಿ ಸಿಕ್ಕಿತು: ಮಗು ಮನೆಯ ಊಟ ತರಬಹುದು, ಊಟದ ಕೋಣೆಯೊಳಗೆ ಮಾತ್ರ ಡಬ್ಬಿ ನಿಷಿದ್ಧ. ಎಂಥ ನಾಜೂಕು! ನೀವು ಮಧ್ಯಾಹ್ನ ಎಲ್ಲಿ ಉಣ್ಣುತ್ತೀರಿ ಸ್ವಾಮಿ? ಸಹೋದ್ಯೋಗಿಗಳ ಜೊತೆಗೋ, ಹಳೆಯ ಫೈಲುಗಳ ಕೋಣೆಯಲ್ಲೋ?

ಹೋದ ತಿಂಗಳು ಒಂದು ಶುಕ್ರವಾರ ಮಗಳು ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದಳು. ಎರಡು ದಿನ ಬಚ್ಚಲುಮನೆಯ ಬಾಗಿಲಲ್ಲೇ ಇದ್ದೆವು, ಅವಳ ತಲೆ ನನ್ನ ತೊಡೆಯ ಮೇಲೆ. ಡಬ್ಬಿಗೆ ಏನು ಸೋಕಿತೋ ಎಂದು ಕೇಳಲು ಸೋಮವಾರ ಶಾಲೆಗೆ ಹೋದೆ. ಅಲ್ಲಿಯ ಅಡುಗೆಯವರು ಕೈಲಿದ್ದ ಸೌಟು ಕೆಳಗಿಟ್ಟರು.

"ನಾನೇ ಬಡಿಸಿದ್ದು ಕಣಮ್ಮಾ. 'ವಾಸಿ ಆಯ್ತು ಅಕ್ಕ, ಇನ್ಮೇಲೆ ಎಲ್ಲಾ ತಿನ್ನಬಹುದಂತೆ' ಅಂತ ಕುಣ್ಕೊಂಡು ಬಂತು ಮಗು. ನಂಗೆಷ್ಟು ಖುಷಿ ಆಯ್ತು ಅಂದ್ರೆ... ಎರಡು ಬ್ರೆಡ್ಡು ಜಾಸ್ತಿನೇ ಹಾಕ್ದೆ."

ಮನೆಗೆ ಬಂದು ಮಗಳನ್ನು ಕೇಳಿದೆ. "ಯಾಕೆ ಪುಟ್ಟಿ ಸುಳ್ಳು ಹೇಳಿದೆ?"

ಅವಳು ಗೋಡೆ ನೋಡುತ್ತ ಹೇಳಿದಳು: "ಒಂದ್ಸಲ ಎಲ್ಲರ ಜೊತೆ ಕೂತ್ಕೋಬೇಕಿತ್ತು ಅಮ್ಮ. ನೋವಾಗುತ್ತೆ ಅಂತ ಗೊತ್ತಿತ್ತು. ಅದಕ್ಕೇ ಶುಕ್ರವಾರ ತಿಂದೆ. ಆಮೇಲೆ ಎರಡು ದಿನ ರಜ ಅಲ್ವಾ, ಸ್ಕೂಲು ತಪ್ಪಲ್ಲ."

ಇಪ್ಪತ್ತು ನಿಮಿಷ ಜೊತೆಯಲ್ಲಿ ಕೂರುವುದಕ್ಕಾಗಿ ಎರಡು ದಿನದ ನೋವು ತಡೆದುಕೊಳ್ಳಬಹುದು ಎಂದು ಹತ್ತು ವರ್ಷದ ಮಗು ತೂಗಿ ನೋಡಿದೆ, ಮಾನ್ಯರೇ. ಕರುಳಿಗಾದ ಗಾಯ ಎರಡು ದಿನದಲ್ಲಿ ಮಾಯುವುದಿಲ್ಲ ಎಂದು ಅವಳಿಗೆ ತಿಳಿಯದು. ನನಗೆ ಬೈಯಲಾಗಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ತಿನ್ನುತ್ತಿದ್ದೆನೇನೋ.

ಈಗ ಅವಳು ಡಬ್ಬಿಯನ್ನೇ ತೆರೆಯುತ್ತಿಲ್ಲ. ಬೆಳಿಗ್ಗೆ ಕಟ್ಟಿಕೊಟ್ಟ ಅನ್ನ ಸಂಜೆ ಹಾಗೆಹಾಗೇ ವಾಪಸು. ಕೇಳಿದರೆ "ಹಸಿವಿರಲಿಲ್ಲ" ಎನ್ನುತ್ತಾಳೆ. ಆರು ತಿಂಗಳಲ್ಲಿ ಕಷ್ಟಪಟ್ಟು ಏರಿದ ತೂಕ ಮತ್ತೆ ಇಳಿಯುತ್ತಿದೆ. ಮೊದಲಿನ ಹಾಗೆ ಬಲವಂತ ಮಾಡಲು ನನಗಿನ್ನು ಬಾಯಿಲ್ಲ.

ಬೇರೆ ಅಡುಗೆಮನೆ ಕಟ್ಟಿಸಿ ಎಂದು ನಾನು ಕೇಳುತ್ತಿಲ್ಲ. ಊಟದ ಕೋಣೆಯ ಮೇಜಿನ ತುದಿಯಲ್ಲಿ ಒಂದು ಜಾಗ ಕೊಡಿ. ಅವಳ ಡಬ್ಬಿ, ಅವಳ ಚಮಚ, ಪಕ್ಕದ ತಟ್ಟೆಯಿಂದ ತುಣುಕು ಸಿಡಿಯದಷ್ಟು ಅಂತರ. ನಿಮ್ಮ ಆದೇಶಕ್ಕೆ ಒಂದು ಸಾಲು ಸೇರಿಸಿದರೆ ಸಾಕು, ಅದನ್ನೂ ನಾನೇ ಬರೆದಿದ್ದೇನೆ: ವೈದ್ಯರು ಪಥ್ಯ ಹೇಳಿದ ಮಕ್ಕಳು ತಮ್ಮ ಊಟವನ್ನು ಎಲ್ಲರ ಜೊತೆಯಲ್ಲೇ ಕೂತು ಉಣ್ಣತಕ್ಕದ್ದು. ಸಹಿ ಮಾತ್ರ ನಿಮ್ಮದು. ಈ ವಾರವೇ ಹಾಕಿ. ಕಡತ ಮೇಜಿನಿಂದ ಮೇಜಿಗೆ ನಡೆದು ಬರುವ ತನಕ ನನ್ನ ಮಗಳು ಉಪವಾಸವಿರಲಾರಳು.

ಇಂತಿ,
"ಅಮ್ಮಾ, ಹಸಿವು" ಎಂಬ ಮಾತಿಗಾಗಿ ಬಾಗಿಲಲ್ಲಿ ಕಾಯುತ್ತಿರುವ ತಾಯಿ