ಬಾಗಿಲು ಮುಚ್ಚಿಕೊಂಡ ದೊಡ್ಡವಳು

ಹಿಂದಿನ ಕೋಣೆಯಿಂದ,
ಮಾರ್ಚ್ ಹತ್ತು, ಭಾನುವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? ಕೆಮ್ಮು ಕಡಿಮೆಯಾಯಿತೆ? ಕಾಡಿನ ಥಂಡಿಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೋ ಎಂದರೆ ಕೇಳುವವಳಲ್ಲ ನೀನು, ಆದರೂ ಹೇಳುತ್ತೇನೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿನ್ನ ಅಪ್ಪ ಈಗಲೂ ಜೇಡಗಳ ಕೋಣೆಯ ಹೊಸ್ತಿಲು ದಾಟುವುದಿಲ್ಲ. ನೀರಿನ ಬಟ್ಟಲನ್ನು ಹೊರಗಿನಿಂದಲೇ ನನ್ನ ಕೈಗಿಟ್ಟು ಓಡುತ್ತಾನೆ, ಧೀರ.

ಬೇರೆ ಸಾಕಣೆಯವರಿಂದ ನೀನು ತಂದ ಟರಂಟುಲಾ ಜೇಡದ ಮರಿಗಳಿಗೆ ಮಿಡತೆಯ ಕಾಲು ಮುರಿದು ಹಾಕುತ್ತಿದ್ದೇನೆ. ಈ ವಯಸ್ಸಿನಲ್ಲಿ ಜೇಡಕ್ಕೆ ತುತ್ತು ಮಾಡಿ ಹಾಕುವುದೊಂದು ಬಾಕಿ ಇತ್ತು. ನನಗೆ ಆ ಹೆಣ್ಣು ಜೇಡದ್ದೇ, ನಮ್ಮ ದೊಡ್ಡವಳದ್ದೇ ಚಿಂತೆ. ನಿನ್ನ ಕೈಯಲ್ಲೇ ಬೆಳೆದವಳು. ಗಂಡಿನ ಜೊತೆ ಬಿಟ್ಟು ನೀನು ತಿಂಗಳುಗಟ್ಟಲೆ ಕಾದೆ, ಮೊಟ್ಟೆ ಇಡಲಿಲ್ಲವೆಂದು ಬೇಸತ್ತು ಆ ಜೇಡ ಹಿಡಿಯುವವನ ಜೀಪು ಹತ್ತಿ ಕಾಡಿಗೆ ಹೋದೆ. ‘ಅಂಗಡೀಗೆ ಬರೋರೆಲ್ಲ ದೊಡ್ಡದೇ ಕೇಳ್ತಾರಜ್ಜಿ, ಮರಿ ಬೆಳೆಯೋವರೆಗೆ ಯಾರು ಕಾಯ್ತಾರೆ? ಕಾಡಲ್ಲಿ ಬೇಕಾದಷ್ಟಿವೆ’ ಎಂದೆ. ನನಗೆ ಸಿಟ್ಟು ಬಂತು. ಹೋದ ವರ್ಷ ಅವನೇ ಕಾಡಿನಿಂದ ತಂದುಕೊಟ್ಟ ಜೇಡ ನೆನಪಿದೆಯಲ್ಲ? ಡಬ್ಬಿಯ ಮೂಲೆಯಲ್ಲಿ ಮುದುಡಿ ಕೂತು, ಏನೂ ಮುಟ್ಟದೆ ಸತ್ತಿತು. ‘ಇಷ್ಟು ದೊಡ್ಡದಾಗೋಕೆ ಎಷ್ಟು ವರ್ಷ ಬೇಕಾಗಿತ್ತೋ’ ಎಂದು ಅದನ್ನು ಹೂಳಿದ ಹೂಕುಂಡದ ಮುಂದೆ ಕೂತು ಅತ್ತವಳು ನೀನೇ. ಸಾಕಿ ಮಾರಿದರೆ ಕಾಡಿಗೆ ಕೈ ಹಾಕಬೇಕಿಲ್ಲ ಎಂದು ಅಂಗಡಿ ತೆರೆದವಳೂ ನೀನೇ. ಹೊಟ್ಟೆಪಾಡು ನನಗೂ ಗೊತ್ತು ಕಣೇ. ಆದರೆ ನಿನ್ನ ಮಾತು ನೀನೇ ಮರೆತರೆ ನನಗೆ ಸಂಕಟವಾಗುತ್ತದೆ.

ನೀನು ಹೋದ ಮೇಲೆ ದೊಡ್ಡವಳು ಊಟ ಬಿಟ್ಟಳು. ಗಾಜಿನ ಪೆಟ್ಟಿಗೆಯೊಳಗಿನ ಒಡೆದ ಕುಂಡದ ಗೂಡಿನ ಬಾಯಿಗೆ ದಪ್ಪ ಬಲೆ ನೇಯ್ದು ಒಳಗೆ ಸೇರಿಕೊಂಡಳು. ಇವಳೂ ಹೋದಳು ಎಂದುಕೊಂಡು, ಬಲೆ ಹರಿದು ನೋಡಲು ಇಕ್ಕಳ ಕೈಗೆತ್ತಿಕೊಂಡೆ. ಆಗ, ನಿನ್ನನ್ನು ಹೊತ್ತಿದ್ದಾಗ ನಿನ್ನಮ್ಮ ತಟ್ಟೆ ದೂಡಿ, ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದದ್ದು ನೆನಪಾಯಿತು. ಇಕ್ಕಳ ಕೆಳಗಿಟ್ಟೆ.

ಊರಿಗೆ ಬಂದಿರುವ ಜೀಪಿನವನು ನಾಳೆ ನಿಮಗೆ ಸಾಮಾನು ತರುತ್ತಾನಂತೆ, ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ಹೊತ್ತುಹೊತ್ತಿಗೆ ಉಣ್ಣು. ನನ್ನ ಆಶೀರ್ವಾದ ನಿನ್ನ ತಲೆಯ ಮೇಲಿದೆ, ಕೂದಲು ಬಾಚಿಕೊಂಡಿದ್ದರೆ.

ನಿನ್ನ ಅಜ್ಜಿ

ಮತ್ತೆ: ಕಾಗದ ಮಡಿಸಿದ ಮೇಲೆ ಪಕ್ಕದ ಗಾಜಿಗೆ ಟಾರ್ಚು ಹಿಡಿದು ನೋಡಿದೆ. ದೊಡ್ಡವಳು ಬದುಕಿದ್ದಾಳೆ. ನಿಂಬೆಹಣ್ಣಿನಷ್ಟು ಬಿಳಿಯ ಮೊಟ್ಟೆಚೀಲ ತಬ್ಬಿಕೊಂಡು ಕೂತಿದ್ದಾಳೆ. ಅಲ್ಲಿ ಯಾವ ಬಿಲದ ಬಾಯಿಗಾದರೂ ಹೀಗೆ ಬಲೆ ಮುಚ್ಚಿದ್ದರೆ ಅಗೆಯಬೇಡ. ಹಿಡಿದದ್ದನ್ನು ಹಿಡಿದಲ್ಲೇ ಬಿಟ್ಟು ಇದೇ ಜೀಪಿನಲ್ಲಿ ಬಂದುಬಿಡು. ಈ ಚೀಲ ಒಡೆದು ಬರುವ ಅಷ್ಟು ಮರಿಗಳಿಗೆ ಮಿಡತೆಯ ಕಾಲು ಮುರಿಯಲು ನನ್ನೊಬ್ಬಳ ಕೈ ಸಾಲದು.