ಏಳನೇ ಅಧ್ಯಾಯದ ಅಪ್ಪುಗೆ

ಮನೆ, ಮಹಡಿಯ ಕೋಣೆ
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ತಮ್ಮಾ,

ನಿನ್ನ ಮೊಣಕಾಲಿನ ಊತ ಇಳಿಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಸಿಟ್ಟು ಎಷ್ಟಿದ್ದರೂ ಇದನ್ನು ಕೇಳದೆ ಕೈ ಮುಂದೆ ಓಡುವುದಿಲ್ಲ. ಅಮ್ಮ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ನನ್ನ ಆರೋಗ್ಯ ಕೇಳಬೇಡ, ಮೂರು ದಿನದಿಂದ ಮೈ ಉರಿಯುತ್ತಿದೆ.

ನಿನ್ನ ಪುಸ್ತಕದ ಏಳನೇ ಅಧ್ಯಾಯವನ್ನು ಮುದ್ರಣಾಲಯಕ್ಕೆಂದು ಶುದ್ಧಪ್ರತಿ ಮಾಡುತ್ತಿದ್ದೆ. ಕೋಳಿ ಕೆದರಿದಂತಿರುವ ನಿನ್ನ ಅಕ್ಷರವನ್ನು ಓದಬಲ್ಲವಳು ನಾನೊಬ್ಬಳೇ ತಾನೇ! ಮರುಭೂಮಿಯನ್ನು ನಿನಗಿಂತ ಮೊದಲು ದಾಟಿ ಹೆಸರಾದ ಯಾತ್ರಿಕರು, ಎಲ್ಲರ ಬಾಯಲ್ಲಿ ಮರಳಜ್ಜ, ಈಗ ನೀನಿರುವ ಬಂದರಿನಲ್ಲೇ ನಿನಗೆ ಸಿಕ್ಕರಂತೆ. ನಿನ್ನನ್ನು ಅಪ್ಪಿಕೊಂಡು, "ಇನ್ನು ಮುಂದಿನ ದಾರಿ ನಿನ್ನದಪ್ಪಾ" ಎಂದರಂತೆ. ಪತ್ರಿಕೆಯವರು ಅದನ್ನು ಆಗಲೇ ಅಚ್ಚು ಹಾಕಿ ಕೊಂಡಾಡಿದ್ದಾರೆ. ಬರೆಯುತ್ತ ಬರೆಯುತ್ತ ನನ್ನ ಕಣ್ಣೂ ತುಂಬಿತು, ಪೆದ್ದಿಯ ಹಾಗೆ.

ಆಮೇಲೆ, ತಾರೀಖು ಸರಿನೋಡೋಣವೆಂದು, ನೀನು ಪೆಟ್ಟಿಗೆಯಲ್ಲಿ ಕಳಿಸಿದ ಜೇಬಿನ ದಿನಚರಿ ತೆಗೆದೆ. ಅದೇ ದಿನದ ಪುಟದಲ್ಲಿ ಪೆನ್ಸಿಲಿನ ಎರಡು ಸಾಲು: "ಆಸ್ಪತ್ರೆಯ ಪಡಸಾಲೆಯಲ್ಲಿ ಮರಳಜ್ಜ ಮಲಗಿದ್ದರು. ಗುರುತು ಹಿಡಿದು ಕೈ ಎತ್ತಿ ಕರೆದರು, ನಾನು ನೋಡದವನಂತೆ ಹೊರಟುಬಂದೆ." ಮೂರನೇ ದಿನದ ಪುಟದಲ್ಲಿ ಒಂದೇ ಮಾತು: "ತೀರಿಕೊಂಡರಂತೆ."

ಅಲ್ಲವೋ, ಆಸ್ಪತ್ರೆಯಲ್ಲಿ ಬಿದ್ದವರು, ನಮ್ಮ ಭಾಷೆ ಆಡುವ ಒಬ್ಬನಾದರೂ ಸಿಕ್ಕಿದನಲ್ಲ ಎಂದು ಕೈ ಎತ್ತಿದರೆ, ನಿನಗೆ ನೆನಪಾದದ್ದು ಯಾರು ಮೊದಲು ದಾಟಿದರು ಎಂಬುದೇ? ಹೊಟ್ಟೆಕಿಚ್ಚು ಹಾಳಾಗಿ ಹೋಗಲಿ, ಯಾರಿಗಿಲ್ಲ. ಸತ್ತವರ ಬಾಯಿಗೆ ನಿನ್ನ ಹೊಗಳಿಕೆ ತುರುಕಿದೆಯಲ್ಲ, ಅದನ್ನು ನಾನು ಹೇಗೆ ನುಂಗಲಿ?

ಭಾನುವಾರ ಅವರ ಹೆಂಡತಿ ಬಂದಿದ್ದರು. ಪತ್ರಿಕೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಿದ್ದರು. "ಅಕ್ಕಾ, ಇದ್ರಲ್ಲಿ ಸ್ವಲ್ಪವೇ ಇದೆ. ಪುಸ್ತಕದಲ್ಲಿ ಪೂರ್ತಿ ಇರತ್ತಲ್ವಾ? ನನ್ನ ಬಗ್ಗೆ ಏನಾದ್ರೂ ಅಂದ್ರಾ?" ಎಂದರು. ನಾನು ಏನು ಹೇಳಬೇಕಿತ್ತು? ನೀನೇ ಹೇಳು, ಮಹಾ ಯಾತ್ರಿಕ!

ಏಳನೇ ಅಧ್ಯಾಯಕ್ಕೆ ನಾನು ಲೇಖನಿ ಮುಟ್ಟುವುದಿಲ್ಲ. ಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಬಾಯ್ತುಂಬ ಹರಸಲು ಇವತ್ತು ಮನಸ್ಸು ಬರುತ್ತಿಲ್ಲ. ಚೆನ್ನಾಗಿರು, ಅಷ್ಟೇ.

ನಿನ್ನ ಅಕ್ಕ

ಅವಸರದಲ್ಲಿ, ಟಪಾಲಿನವ ಕೆಳಗೆ ಕೂಗುತ್ತಿದ್ದಾನೆ: ಮರಳಜ್ಜನ ಹೆಂಡತಿಗೆ ಸುಳ್ಳು ಹೇಳಲಾಗಲಿಲ್ಲ, ದಿನಚರಿಯನ್ನೇ ಕೈಗೆ ಕೊಟ್ಟೆ. ಎರಡು ಸಲ ಓದಿದರು. ಅಳಲಿಲ್ಲ. "ಕೈ ಎತ್ತಿದ್ರು ಅಂದ್ರೆ ಪ್ರಜ್ಞೆ ಇತ್ತು" ಎಂದಷ್ಟೇ ಅಂದರು. ಮುಂದಿನ ತಿಂಗಳ ಮೊದಲ ಹಡಗಿಗೆ ಅಲ್ಲಿಗೆ ಬರುತ್ತಿದ್ದಾರೆ, ಗಂಡ ಮಲಗಿದ್ದ ಜಾಗ ನೋಡಬೇಕಂತೆ. ಬಂದರಿಗೆ ಹೋಗಿ ನಿಂತಿರು. ಅವರಿಗೆ ನಿನ್ನ ಮುಖ ಗೊತ್ತಿಲ್ಲ, ನೀನೇ ಹೋಗಿ ಮಾತಾಡಿಸಬೇಕು.